ಅರವತ್ತೊಂದು, ಅರವತ್ತೆರಡು

ಮಾವನವರು ಒಸಾಕಕ್ಕೆ ಹೋದದ್ದು ಯಂತ್ರ ತರಲು.
ತೊಗರಿಬೇಳೆಯೊಳಗಿನ ಕರಿಕಾಳನ್ನು
ಕಣ್ಣಿಟ್ಟು ಹಿಡಿದು, ಗಾಳಿ ಊದಿ ಹೊರಗೆಸೆಯುವ ಯಂತ್ರ.
ನೆಹರೂ ಗಂಜಿನಲ್ಲಿ ಆಗ ಯಾರ ಬಳಿಯೂ ಇರಲಿಲ್ಲ.
ಅದು ಹಡಗಿನಲ್ಲಿ ಬರಲು ಐದು ತಿಂಗಳು ಹಿಡಿಯಿತು.
ಅವರು ಒಂಬತ್ತೇ ದಿನಕ್ಕೆ ಬಂದರು,
ಧೋತರದ ಮಡಿಕೆಯಲ್ಲಿ ಸುತ್ತಿದ
ಒಂದು ಸೊಟ್ಟ ಬಟ್ಟಲು ಹಿಡಿದು.

"ಮೋಸ ಮಾಡ್ಯಾರ ನಿಮಗ," ಅಂದರಂತೆ ಅತ್ತೆ ಜಗದೇವಿ,
"ವಾರಿ ಅದ. ಕುಂಬಾರ ಸಾಯಬಣ್ಣ ಇಂಥಾವ ತಿಪ್ಪಿಗಿ ಒಗೀತಾನ."
ಅವರು ಬೆಲೆ ಹೇಳಲಿಲ್ಲ.
ಎರಡು ವರ್ಷ ಅದರಲ್ಲೇ ಅಳೆದರು ಅತ್ತೆ
ದಿನದ ಬೇಳೆ: ಮನೆಮಂದಿಗೆ ಮೂರು ಬಟ್ಟಲು,
ಬೀಗರು ಬಂದರೆ ಐದು.
ಬೆಲೆ ಗೊತ್ತಾದ ದಿನ ಒಲೆಯೇ ಹೊತ್ತಲಿಲ್ಲವಂತೆ.

ಆಳಂದದಿಂದ ನಾನು ಸೊಸೆಯಾಗಿ ಬರುವ ಹೊತ್ತಿಗೆ
ಮಹಡಿಯ ಮೇಲೆ ಇಪ್ಪತ್ತೆಂಟು ಸಾಮಾನು
(ಮಾವನವರ ಬಾಯಲ್ಲಿ ಎಲ್ಲವೂ ಸಾಮಾನೇ):
ಗೋಡಂಬಿಯಷ್ಟು ಗಾತ್ರದ ಮರದ ಇಲಿ,
ಅರಗಿನ ಪೆಟ್ಟಿಗೆ, ಮುಚ್ಚಳದ ಮೇಲೆ ಎರಡೇ ಗೆರೆ ಮಳೆ,
ಕತ್ತಿ ಇಲ್ಲದೆ ಬಂದ ಕತ್ತಿಯ ಹಿಡಿಬಿಲ್ಲೆ,
ಮರದಚ್ಚಿನ ಚಿತ್ರ: ಸೇತುವೆ, ಕೊಡೆ, ಉಳಿದದ್ದೆಲ್ಲ ಬಿಳಿ.
ಗಂಡನಿಗೂ ಹತ್ತಿತ್ತು ಆ ಹುಚ್ಚು, ಮೈದುನನಿಗೂ.
ಒಳ್ಳೆ ಸುಗ್ಗಿಯ ವರ್ಷ ಮಂದಿ ಹೊಲ ಕೊಂಡರೆ
ನಮ್ಮವರು ಕ್ಯೋಟೋಗೆ ಕಾಗದ ಬರೆಯುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಖಾತೆಪುಸ್ತಕ ಮತ್ತು ಒರೆಸುವ ಬಟ್ಟೆ.
ಕೆಂಪು ರಟ್ಟಿನ, ಉದ್ದನೆಯ, ಗಿರಣಿಯದೇ ಪುಸ್ತಕ.
ಜಮಾ. ತೂಕ. ಬಂದ ಊರು. ಷರಾ.
ಗಿರಣಿಯ ಹಳದಿ ಧೂಳಿಗೆ ಕದ ಕಿಟಕಿ ಲೆಕ್ಕವಿಲ್ಲ;
ಮಧ್ಯಾಹ್ನ ಒರೆಸಿದರೆ ಸಂಜೆಗೆ
ಜಪಾನಿನ ಮೇಲೆ ಮತ್ತೆ ತೊಗರಿ.

ಕಲಬುರಗಿಯ ಮೇ ತಿಂಗಳು. ಪರಸಿ ಕಾದು ಕಾಲಿಡಲಾಗದು.
ಅತ್ತೆ ಆ ಬಿಳಿ ಚಿತ್ರದ ಮುಂದೆ ಕುರ್ಚಿ ಹಾಕಿಸಿಕೊಂಡು
ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂಡುತ್ತಾರೆ.
"ಅದು ಹಿಮರಿ, ಅತ್ತಿ."
"ಇರಲಿ. ನನಗ ಜಿನ್ನಿನ್ಯಾಗ ಹಾರೂ ಹತ್ತಿ ಕಂಡಂಗ ಕಾಣ್ತದ.
ಆ ಕೊಡಿ ಹಿಡದಾಕಿಗಿ ಕೆಮ್ಮು ಬಂದಿರಬೇಕು, ಪಾಪ."

ಅರವತ್ತೊಂದನೆಯ ಸಾಮಾನು ಮಡಕೆಯ ಚೂರು.
ಹಸಿಮಣ್ಣಿಗೆ ಹಗ್ಗ ಒತ್ತಿದ ಗುರುತು.
ಸಾವಿರಾರು ವರ್ಷದ್ದು, ಅಲ್ಲಿಯ ಯಾವುದೋ ಕಡಲದಂಡೆಯದು.
ಅರವತ್ತೆರಡೂ ಮಡಕೆಯ ಚೂರೇ.
ಭೀಮಾ ದಂಡೆಯ ನಮ್ಮ ಹೊಲದಲ್ಲಿ, ಸನ್ನತಿಯ ಈಚೆ,
ನೇಗಿಲಿಗೆ ಸಿಕ್ಕದ್ದು. ಅದಕ್ಕೂ ಹಗ್ಗದ ಗುರುತು.
ಮಾವ ಎರಡನ್ನೂ ಒಂದೇ ಮಖಮಲ್ಲಿನ ಮೇಲೆ ಮಲಗಿಸಿ
ಬಂದವರಿಗೆ ಬೆರಳಿನಿಂದ ತೋರಿಸುತ್ತಿದ್ದರು,
ಬಾಯಿ ಬಿಡುತ್ತಿರಲಿಲ್ಲ.

ಅವರ ವರ್ಷದ ಪುಣ್ಯತಿಥಿಯ ಗದ್ದಲದಲ್ಲಿ
ಮೈದುನನ ಮಗ ಚೆಂಡು ಹೊಡೆದ.
ಚೂರು ಒಡೆಯಲಿಲ್ಲ. ಚೀಟಿಗಳು ಹಾರಿದವು.
ಎತ್ತಿಟ್ಟವಳು ನಾನು. ಯಾವ ಚೀಟಿ ಯಾವುದರದು?
ಖಾತೆ ತೆಗೆದೆ: ಏಳು ತೊಲ, ಸುಮಾರು.
ಕೆಳಗಿನ ಸಾಲು: ಏಳು ತೊಲ, ಸುಮಾರು.
ನನ್ನದೇ ಅಕ್ಷರ.
ಒದ್ದೆ ಬೆರಳಿಟ್ಟು ಮೂಸಿದೆ:
ಒಂದಕ್ಕೆ ಮೊದಲ ಮಳೆ. ಇನ್ನೊಂದಕ್ಕೂ.

ಹೈದರಾಬಾದಿನಿಂದ ಪಂಡಿತರೊಬ್ಬರು ಬಂದರು.
ಭೂತಗನ್ನಡಿ ಹಿಡಿದು ಒಂದನ್ನು ಮುಕ್ಕಾಲು ತಾಸು ಹೊಗಳಿದರು.
"ಈ ಸಂಯಮ ನೋಡಿ, ಇದು ಆ ದ್ವೀಪದ ಕೈಗೇ ಸಾಧ್ಯ."
ಇನ್ನೊಂದನ್ನು ಬದಿಗೆ ಸರಿಸಿ, "ಇದೂ ಇರಲಿ, ಹೋಲಿಕೆಗೆ."
ಗಂಡ ತಲೆದೂಗಿದ.
ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಒಸಾಕದ ಯಂತ್ರ ಹೋದ ವರ್ಷ ಗುಜರಿಗೆ ಹೋಯಿತು,
ಕಿಲೋಗೆ ಇಪ್ಪತ್ತಾರರಂತೆ.
ಅದರ ಕಣ್ಣಿನ ಗಾಜು ಮಾತ್ರ ಕಳಚಿಟ್ಟುಕೊಂಡಿದ್ದೇನೆ,
ಖಾತೆಗೆ ಹತ್ತಿಸಿಲ್ಲ.
ರಾತ್ರಿ ಗಿರಣಿ ನಿಂತ ಮೇಲೆ ಒಮ್ಮೊಮ್ಮೆ
ಅದರೊಳಗಿಂದ ಆ ಎರಡು ಚೂರನ್ನು ನೋಡುತ್ತೇನೆ.
ಮೂವತ್ತು ವರ್ಷ ಕರಿದನ್ನು ಬೇರೆ ಮಾಡಿದ ಗಾಜು.
ಅದಕ್ಕೂ ತಿಳಿಯದು.
ಷರಾದ ಕಾಲಂ ಖಾಲಿ ಇದೆ.
ಪೆನ್ಸಿಲ್ಲು ಕಿವಿಯ ಸಂದಿನಲ್ಲಿದೆ.